ವೋಚರ್ ಇಲ್ಲದ ಎಂಟ್ರಿಗಳು: ಉಡುಪಿ ಕಡೆಯ ಒಂದು ಮನೆಯ ಕೋಪದ ಪ್ರಕರಣ

ಒಂದು ಸೋಮವಾರ ಬೆಳಿಗ್ಗೆ ಸಹಕಾರಿ ಸಂಘದ ಕೌಂಟರಿಗೆ ಹುಡುಗನೊಬ್ಬ ಚಿನ್ನ ಅಡವಿಡಲು ಬಂದಿದ್ದ. ಬಾಯಿ ತುಂಬ ಗುಟ್ಕಾ. ಏನು ಕೇಳಿದರೂ ತಲೆ ಹಿಂದಕ್ಕೆ ವಾಲಿಸಿ, ತುಟಿ ಬಿಗಿದುಕೊಂಡೇ ಹೂಂ ಹೂಂ ಅನ್ನುತ್ತಿದ್ದ. ಒಳಗೆ ಕೂತಿದ್ದ ಹೆಂಗಸು ಅವನ ಪಾಸ್‌ಬುಕ್ಕನ್ನು ಅವನ ಮುಖಕ್ಕೇ ಎಸೆದರು. "ಉಗುಳಿ ಬಾ. ಇಲ್ಲದಿದ್ದರೆ ಹೋಗಿ ಸಾಯಿ" ಅಂತ ಕಿರುಚಿದರು. ಕ್ಯೂನಲ್ಲಿ ನಿಂತಿದ್ದವರೆಲ್ಲ ಸ್ತಬ್ಧ. ಮ್ಯಾನೇಜರ್ ಬಂದು ಹುಡುಗನ ಹತ್ತಿರ ತಪ್ಪಾಯಿತು ಎಂದು ಹೇಳಿ, ಆಕೆಗೆ ಹದಿನೈದು ದಿನ ರಜೆ ಬರೆಸಿದರು. ರಜೆ ಚೀಟಿಯ ಜೊತೆಗೆ ನನ್ನ ನಂಬರನ್ನೂ ಕೊಟ್ಟರು.

ಆಕೆಯನ್ನು ಇಲ್ಲಿ ವಸಂತಿ ಎಂದು ಕರೆಯುತ್ತೇನೆ. ಹೆಸರು ಬದಲಿಸಿದ್ದೇನೆ, ಊರನ್ನು ಮುಚ್ಚಿಟ್ಟಿದ್ದೇನೆ, ಗುರುತು ಸಿಗಬಹುದಾದ ಒಂದೆರಡು ವಿವರಗಳನ್ನು ಅತ್ತಿತ್ತ ಮಾಡಿದ್ದೇನೆ. ಬರೆದದ್ದನ್ನು ಆಕೆಗೆ ಓದಿ ಹೇಳಿ ಒಪ್ಪಿಗೆ ಪಡೆದಿದ್ದೇನೆ. ಒಂದು ಕಡೆ "ನಾನು ಇಷ್ಟು ಒಳ್ಳೆಯವಳಲ್ಲ" ಎಂದು ಹೇಳಿ ಎರಡು ಸಾಲು ಹೊಡೆದು ಹಾಕಿಸಿದರು. ನಾನು ಆಪ್ತಸಮಾಲೋಚಕಿ. ಕ್ಯಾನ್ಸರಿನಲ್ಲಿ ಮನೆಯವರನ್ನು ಕಳೆದುಕೊಂಡವರ ಜೊತೆ ಕೆಲಸ ಮಾಡುತ್ತೇನೆ. ಈ ಪ್ರಕರಣದಲ್ಲಿ ನಾನು ಮಾಡಿದ ತಪ್ಪುಗಳು ಜಾಸ್ತಿ. ಬೇರೆಯವರು ಅದನ್ನೇ ಮಾಡದಿರಲಿ ಎಂದು ಬರೆಯುತ್ತಿದ್ದೇನೆ.

ಮನೆ

ವಸಂತಿಗೆ ಮೂವತ್ತಾರು. ಬಿ.ಕಾಂ. ಓದಿದ್ದಾರೆ. ಮದುವೆಯಾಗಿಲ್ಲ. ಮನೆಯಲ್ಲಿ ಅಪ್ಪ, ಅತ್ತಿಗೆ, ಅಣ್ಣನ ಮಗಳು. ಅಮ್ಮ ಬದುಕಿರುವಷ್ಟು ಕಾಲ ಬೀಡಿ ಕಟ್ಟಿದವರು. ಜಗಲಿಯಲ್ಲಿ ತಡ್ಪೆ (ಮೊರ) ಮಡಿಲಲ್ಲಿಟ್ಟುಕೊಂಡು, ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ಸಂಜೆ ಬ್ರಾಂಚಿಗೆ ಕೊಟ್ಟು ಬರುವುದು. ವಸಂತಿ ಕಾಲೇಜು ಓದಿದ್ದು ಬೀಡಿ ಕಾರ್ಮಿಕರ ಮಕ್ಕಳಿಗೆ ಸಿಗುವ ಸ್ಕಾಲರ್‌ಶಿಪ್ಪಿನಲ್ಲಿ. "ನಮ್ಮ ಮನೆ ನಿಂತದ್ದೇ ಹೊಗೆಸೊಪ್ಪಿನ ಮೇಲೆ, ಬಿದ್ದದ್ದೂ ಅದರಿಂದಲೇ" ಎಂದು ಒಮ್ಮೆ ಹೇಳಿದರು.

ಅಮ್ಮನಿಗೆ ಸ್ತನ ಕ್ಯಾನ್ಸರ್. ತೀರಿಹೋಗಿ ಏಳು ವರ್ಷ ಕಳೆದ ಮೇಲೆ ಅಣ್ಣ ಹೋದರು. ಅಮ್ಮನಿಗೆ ಕಾಯಿಲೆಯ ಹೆಸರನ್ನು ಕೊನೆವರೆಗೂ ಹೇಳಲಿಲ್ಲ. ಮನೆಯಲ್ಲಿ ಅದಕ್ಕೆ "ಗಡ್ಡೆ" ಅಂತ ಮಾತ್ರ ಹೆಸರು. "ಅಮ್ಮನಿಗೆ ಹೇಳಬೇಡಿ ಡಾಕ್ಟ್ರೇ" ಎಂದು ಆಸ್ಪತ್ರೆಯಲ್ಲಿ ಹೇಳಿದ್ದು ವಸಂತಿಯೇ. ಇದು ನನಗೆ ಗೊತ್ತಾಗಲು ಐದು ತಿಂಗಳು ಬೇಕಾಯಿತು.

ಅಣ್ಣ ಮಲ್ಪೆ ಬಂದರಿನಿಂದ ಹೋಗುವ ಒಂದು ಮೀನುಗಾರಿಕೆ ಬೋಟಿನಲ್ಲಿ ಕೆಲಸಕ್ಕಿದ್ದವರು. ಹತ್ತು ದಿನ ಸಮುದ್ರದಲ್ಲಿ, ಎರಡು ದಿನ ಮನೆಯಲ್ಲಿ. ರಾತ್ರಿ ನಿದ್ದೆ ತಡೆಯಲು ಬಾಯಲ್ಲಿ ಏನಾದರೂ ಬೇಕು. ಕರ್ನಾಟಕದಲ್ಲಿ 2013ರಲ್ಲೇ ಗುಟ್ಕಾ ನಿಷೇಧವಾಗಿದೆ. ಆದರೆ ಅಂಗಡಿಯಲ್ಲಿ ಪಾನ್ ಮಸಾಲಾ ಒಂದು ಪ್ಯಾಕೆಟ್, ತಂಬಾಕು ಇನ್ನೊಂದು ಪ್ಯಾಕೆಟ್, ಎರಡನ್ನೂ ಹರಿದು ಬಾಯಲ್ಲೇ ಬೆರೆಸಿಕೊಂಡರೆ ಆಯ್ತು. ಬರೀ ಅಡಿಕೆಯಾದರೆ ಏನೂ ಆಗುವುದಿಲ್ಲ ಎಂದು ನಮ್ಮ ಕಡೆ ಈಗಲೂ ಹೇಳುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯೊಂದನ್ನೇ, ತಂಬಾಕು ಸೇರದಿದ್ದರೂ, ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತು ಎಂದು ಗುರುತಿಸಿದೆ. ಮನೆ ಹಿಂದೆ ಅಡಿಕೆ ತೋಟ ಇರುವವರಿಗೆ ಇದನ್ನು ಹೇಳಿದರೆ ಮುಖ ತಿರುಗಿಸುತ್ತಾರೆ. ಅದು ಬೇರೆ ಕಥೆ.

ಮೊದಲ ಲಕ್ಷಣ ಊಟದ ಎಲೆಯಲ್ಲೇ ಕಾಣಿಸಿತ್ತು. ಬಂಗುಡೆ ಪುಳಿಮುಂಚಿ (ಹುಳಿ ಖಾರದ ಮೀನು ಪದಾರ್ಥ) ಎಂದರೆ ಜೀವ ಬಿಡುತ್ತಿದ್ದ ಅಣ್ಣ, ಒಂದು ದಿನ "ಖಾರ ಕಡಿಮೆ ಹಾಕಿ ಮಾರ್ರೆ, ಬಾಯಿ ಉರಿಯುತ್ತದೆ" ಎಂದರು. ಮನೆಯವರೆಲ್ಲ ನಕ್ಕರು. ಮೀನುಗಾರನಿಗೆ ಖಾರ ಆಗುವುದಿಲ್ಲವಂತೆ! ಆಮೇಲೆ ಕೋರಿ ರೊಟ್ಟಿ ತಿನ್ನುವಾಗ ಬಾಯಿ ಸರಿಯಾಗಿ ತೆರೆಯದೆ, ರೊಟ್ಟಿಯನ್ನು ಸಾರಿನಲ್ಲಿ ಪೂರ್ತಿ ನೆನೆಸಿ ಅನ್ನದ ಹಾಗೆ ಮಾಡಿ ತಿನ್ನತೊಡಗಿದರು. ತೋರುಬೆರಳು, ಮಧ್ಯದ ಬೆರಳು, ಉಂಗುರ ಬೆರಳು, ಈ ಮೂರನ್ನೂ ಒಂದರ ಮೇಲೊಂದು ನಿಲ್ಲಿಸಿ ಹಲ್ಲಿನ ನಡುವೆ ತೂರಿಸಲು ಆಗಬೇಕು. ಆಗದಿದ್ದರೆ ಕೆನ್ನೆಯ ಒಳಗಿನ ಚರ್ಮ ಗಡುಸಾಗುತ್ತಿದೆ ಎಂದು ಅನುಮಾನಪಡಬೇಕು. ಅಣ್ಣನಿಗೆ ಎರಡು ಬೆರಳೂ ಕಷ್ಟವಾಗಿತ್ತು. ಯಾರೂ ನೋಡಿರಲಿಲ್ಲ.

ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಜೂನ್‌ನಲ್ಲಿ ಕೆನ್ನೆಯೊಳಗೆ ಹುಣ್ಣು, ಹತ್ತಿರದ ಕ್ಲಿನಿಕ್‌ನಲ್ಲಿ ಬಿ ಕಾಂಪ್ಲೆಕ್ಸ್ ಮಾತ್ರೆ, ಹಚ್ಚಲು ಜೆಲ್. ದೀಪಾವಳಿ ಹೊತ್ತಿಗೆ ಕುತ್ತಿಗೆಯಲ್ಲಿ ಗಂಟು. ಬಯಾಪ್ಸಿ, ಆಪರೇಶನ್, ದವಡೆಯ ಒಂದು ಭಾಗ ಹೋಯಿತು. ಮೂವತ್ತು ಸಿಟ್ಟಿಂಗ್ ರೇಡಿಯೇಶನ್. ಏಳು ತಿಂಗಳು ಚೆನ್ನಾಗಿದ್ದರು. ಮತ್ತೆ ಬಂತು. ಸರ್ಕಾರದ ಆರೋಗ್ಯ ಕಾರ್ಡಿನಿಂದ ಒಂದಷ್ಟು ಖರ್ಚು ಹೋಯಿತು, ಉಳಿದದ್ದಕ್ಕೆ ವಸಂತಿಯ ಬಳೆ ಮತ್ತು ಅವರೇ ಕೆಲಸ ಮಾಡುವ ಸಂಘದ ಸಾಲ. ಕೊನೆಯ ಆರು ವಾರ ಮನೆಯಲ್ಲೇ, ಮೂಗಿನಲ್ಲಿ ಟ್ಯೂಬು. ಡಿಸೆಂಬರ್‌ನಲ್ಲಿ ತೀರಿಕೊಂಡರು. ನಲವತ್ತಮೂರು ವರ್ಷ.

ಹದಿಮೂರನೇ ದಿನ ಬೊಜ್ಜದ (ಉತ್ತರಕ್ರಿಯೆಯ) ಊಟದಲ್ಲಿ ಯಾರೋ ಎಲೆ ಮುಂದೆ ಕೂತು "ಅವ ಗುಟ್ಕಾ ತಿಂತಿದ್ದನಲ್ಲ, ಮತ್ತೆಂತ ಆಗುದು" ಎಂದರಂತೆ. ವಸಂತಿ ಕೈಯಲ್ಲಿದ್ದ ನೀರಿನ ಜಗ್ಗನ್ನು ಆ ಎಲೆಯ ಮೇಲೇ ಸುರಿದರು.

ನಾನು ಮಾಡಿದ್ದು, ಕೆಟ್ಟದ್ದು

ಮಾರ್ಚ್‌ನಲ್ಲಿ ಬಂದರು, ಅಣ್ಣ ಹೋಗಿ ಮೂರು ತಿಂಗಳಾಗಿತ್ತು. ಕುರ್ಚಿಯ ತುದಿಯಲ್ಲಿ ಕೂತು, ನಾನು ಬಾಯಿ ತೆರೆಯುವ ಮೊದಲೇ ತುಳುವಿನಲ್ಲಿ ಹೇಳಿದರು: "ಎಂಕ್ ಬೇಜಾರ್ ಅತ್ತ್ ಅಕ್ಕ, ಕೋಪ." ನನಗೆ ಬೇಜಾರಲ್ಲ, ಕೋಪ. ನಮ್ಮ ಕಡೆ ಬೇಜಾರು ಎನ್ನುವ ಪದ ದೊಡ್ಡ ಗೋಣಿಚೀಲ. ಬಸ್ಸು ತಪ್ಪಿದರೂ ಬೇಜಾರು, ಮನುಷ್ಯ ಸತ್ತರೂ ಬೇಜಾರು. ಆಕೆ ಅದರೊಳಗೆ ಕೈ ಹಾಕಿ ಒಂದನ್ನು ಆರಿಸಿ ತಂದಿದ್ದರು. ನಾನು ಅದನ್ನು ಕೇಳಿಸಿಕೊಳ್ಳಬೇಕಿತ್ತು.

ಕೇಳಿಸಿಕೊಳ್ಳಲಿಲ್ಲ. ದುಃಖದ ಐದು ಹಂತಗಳ ಚಾರ್ಟ್ ತೆಗೆದೆ. ಒಪ್ಪದಿರುವುದು, ಕೋಪ, ಚೌಕಾಸಿ, ಖಿನ್ನತೆ, ಒಪ್ಪುವುದು. ಆಕೆ ಚಾರ್ಟ್ ನೋಡಿ, "ಹಾಗಾದರೆ ನಾನು ಎರಡನೇ ನಂಬರಾ? ಐದಕ್ಕೆ ಎಷ್ಟು ದಿನ ಉಂಟು?" ಎಂದು ಕೇಳಿದರು. ವ್ಯಂಗ್ಯವೋ ನಿಜವಾದ ಪ್ರಶ್ನೆಯೋ ಎಂದು ಈಗಲೂ ಗೊತ್ತಿಲ್ಲ. 1969ರಲ್ಲಿ ಎಲಿಜಬೆತ್ ಕ್ಯೂಬ್ಲರ್ ರಾಸ್ ಈ ಹಂತಗಳನ್ನು ಬರೆದದ್ದು ಸಾವಿನ ಹತ್ತಿರ ಇದ್ದ ರೋಗಿಗಳ ಜೊತೆ ಮಾತಾಡಿ. ಉಳಿದವರ ದುಃಖಕ್ಕೆ ಅದನ್ನು ಅಂಟಿಸಿದ್ದು ಆಮೇಲೆ. ಇದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಚಾರ್ಟ್ ಗೋಡೆಯ ಮೇಲಿತ್ತು, ಅಷ್ಟೇ.

ಮುಂದಿನ ವಾರ ಕಳಿಸದ ಪತ್ರ ಬರೆಯಿರಿ ಎಂದೆ. ಯಾರ ಮೇಲೆ ಕೋಪವೋ ಅವರಿಗೆ. ಕ್ಲಿನಿಕ್‌ನ ಡಾಕ್ಟರಿಗೆ ಒಂದೇ ಸಾಲು ಬರೆದು ತಂದರು: "ನಿಮ್ಮ ಮನೆಯಲ್ಲೂ ಹೀಗೇ ಆಗಲಿ." ಮುಂದೆ ಬರೆಯಲು ಏನೂ ಇಲ್ಲ ಎಂದರು. "ಕಳಿಸ್ಲಿಕ್ಕೆ ಇಲ್ಲದ ಕಾಗದ ಯಾಕೆ ಬರೆಯುದು ಅಕ್ಕ? ನಮ್ಮಲ್ಲಿ ಟಪಾಲು ಹೋಗದಿದ್ದರೆ ಅದು ಕಾಗದವೇ ಅಲ್ಲ."

ಮೂರನೆಯದು ಇನ್ನೂ ಕೆಟ್ಟದಾಯಿತು. ಮಂಗಳೂರಿನಲ್ಲಿ ಮನೆಯವರನ್ನು ಕಳೆದುಕೊಂಡವರು ತಿಂಗಳಿಗೊಮ್ಮೆ ಸೇರುವ ಕಡೆ ಕಳಿಸಿದೆ. ಒಬ್ಬರು ಹಿರಿಯ ಹೆಂಗಸು, ಪಾಪ ಒಳ್ಳೆಯ ಮನಸ್ಸಿನಿಂದಲೇ, "ಒಳ್ಳೆಯವರನ್ನು ದೇವರು ಬೇಗ ಕರೀತಾನೆ" ಎಂದರಂತೆ. ವಸಂತಿ ಎದ್ದು, "ಹಾಗಾದರೆ ನೀವು ಇಷ್ಟು ವರ್ಷ ಯಾಕೆ ಉಳಿದಿದ್ದೀರಿ?" ಎಂದು ಕೇಳಿ ಹೊರಗೆ ಬಂದರು. ಉಡುಪಿ ಎಕ್ಸ್‌ಪ್ರೆಸ್ ಹತ್ತಿ, ಮೂಲ್ಕಿ ದಾಟುವಾಗ ನನಗೆ ಫೋನ್ ಮಾಡಿದರು. ಬಸ್ಸಿನ ಹಾರ್ನ್ ನಡುವೆ ಒಂದೇ ಮಾತು: "ನೀವೆಲ್ಲ ಸೇರಿ ನನ್ನ ಕೋಪ ತೆಗೀಲಿಕ್ಕೆ ನೋಡ್ತಾ ಇದ್ದೀರಿ. ಅದು ಹೋದರೆ ಅಣ್ಣನ ಕೇಸು ಕ್ಲೋಸ್ ಆದ ಹಾಗೆ. ಗೊತ್ತುಂಟಾ?"

ಆ ರಾತ್ರಿ ನನಗೂ ನಿದ್ದೆ ಬರಲಿಲ್ಲ. ಸಮಾಧಾನ ಹೇಳುವುದು ನಮ್ಮ ಕಸುಬಿನ ಕೆಟ್ಟ ಚಟ. ಎದುರಿಗಿರುವವರು ದೂರು ಹೇಳುತ್ತಿದ್ದಾರೋ ದುಃಖ ಹೇಳುತ್ತಿದ್ದಾರೋ ಎಂದು ನೋಡದೆ ಎರಡಕ್ಕೂ ಒಂದೇ ಮುಲಾಮು ಹಚ್ಚುತ್ತೇವೆ. ಆಕೆಯ ಕೋಪದಲ್ಲಿ ನಿಜವಾದ ದೂರು ಇರಬಹುದು ಎಂದು ಮೂರು ವಾರದಲ್ಲಿ ಒಮ್ಮೆಯೂ ನಾನು ಕೇಳಿರಲಿಲ್ಲ.

ಇದರ ನಡುವೆ ನೋಡಲೇಬೇಕಾದದ್ದನ್ನು ನೋಡಿದ್ದೆ. ಸಾಯುವ ಯೋಚನೆ ಇದೆಯಾ ಎಂದು ನೇರವಾಗಿ ಕೇಳಿದೆ, ಇರಲಿಲ್ಲ. ಊಟ, ನಿದ್ದೆ ಕೆಟ್ಟಿತ್ತು, ಪೂರ್ತಿ ನಿಂತಿರಲಿಲ್ಲ. ದುಃಖವನ್ನು ಕಾಯಿಲೆ ಎಂದು ಕರೆಯಲು ಅಂತರರಾಷ್ಟ್ರೀಯ ಪಟ್ಟಿಯ ಪ್ರಕಾರ ಕಡಿಮೆಯೆಂದರೂ ಆರು ತಿಂಗಳು ಆಗಿರಬೇಕು, ಅಮೆರಿಕದ ಮನೋವೈದ್ಯರ 2022ರ ಪಟ್ಟಿಯ ಪ್ರಕಾರ ದೊಡ್ಡವರಿಗೆ ಒಂದು ವರ್ಷ. ಮೂರು ತಿಂಗಳಿಗೆ ಹೆಸರಿಡುವ ಅಗತ್ಯವಿರಲಿಲ್ಲ. ರಾತ್ರಿ ಹೊತ್ತು ಏನಾದರೂ ಅನಿಸಿದರೆ ಎಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರು ಬರೆದು ಕೊಟ್ಟಿದ್ದೆ.

ಲೆಡ್ಜರ್

ನಾಲ್ಕನೇ ವಾರ ನಾನೇ ತಪ್ಪೊಪ್ಪಿಕೊಂಡೆ. "ಪತ್ರ ಬೇಡ, ಚಾರ್ಟ್ ಬೇಡ. ಯಾರ ಮೇಲೆ ಕೋಪ, ಯಾಕೆ, ನಿಮಗೆ ಬರುವ ರೀತಿಯಲ್ಲೇ ಬರೆದು ತನ್ನಿ."

ಉದ್ದದ ಲೆಡ್ಜರ್ ಪುಸ್ತಕ ತಂದರು. ಸಂಘದಲ್ಲಿ ಬಳಸುವಂಥದ್ದೇ, ಕೆಂಪು ಬಟ್ಟೆಯ ಬೆನ್ನು. ಒಬ್ಬೊಬ್ಬರಿಗೆ ಒಂದೊಂದು ಖಾತೆ: ಕ್ಲಿನಿಕ್ ಡಾಕ್ಟರ್, ಅತ್ತಿಗೆ, ಅಪ್ಪ, ದೈವ, ಬೀಡಿ ಕಂಪೆನಿ, ಅಣ್ಣ. ಕೊನೆಯಲ್ಲಿ "ಸ್ವಂತ" ಎಂದು ಒಂದು ಪುಟ, ಖಾಲಿ. ಪ್ರತಿ ಪುಟದಲ್ಲೂ ತಾರೀಕು, ವಿವರ, ಮತ್ತು ಬಲಗಡೆ ಕಾಲಮ್ಮಿನಲ್ಲಿ ವೋಚರ್ ನಂಬರು, ಅಂದರೆ ಎಂಟ್ರಿಗೆ ಸಾಕ್ಷಿಯಾಗಿ ಇಡುವ ಚೀಟಿಯ ನಂಬರು. ಡಾಕ್ಟರ ಪುಟದಲ್ಲಿ ಎರಡು ಎಂಟ್ರಿ, ಎರಡಕ್ಕೂ ವೋಚರ್: ಕ್ಲಿನಿಕ್‌ನ ಚೀಟಿಗಳು. ಅತ್ತಿಗೆಯ ಪುಟದಲ್ಲಿ ಒಂದೇ ಎಂಟ್ರಿ: "ಮಾರ್ಫಿನ್ 11 ಉಳಿದಿತ್ತು." ವೋಚರ್: ಆ ನೋವಿನ ಮಾತ್ರೆಯ ಸ್ಟ್ರಿಪ್, ಪಿನ್ ಹೊಡೆದು ಅಂಟಿಸಿದ್ದರು. ದೈವದ ಪುಟದಲ್ಲಿ ಎಂಟ್ರಿ ತುಂಬ ಇತ್ತು, ವೋಚರ್ ಒಂದೂ ಇಲ್ಲ. ಅಣ್ಣನ ಹೆಸರಿನ ಕೆಳಗೆ ಏನೂ ಬರೆದಿರಲಿಲ್ಲ. ನಾನು ಆಗ ಅದನ್ನು ಗಮನಿಸಲಿಲ್ಲ.

ಇಲ್ಲಿಂದ ನಮ್ಮ ಕೆಲಸದ ದಾರಿ ಬದಲಾಯಿತು. ವೋಚರ್ ಇರುವ ಕೋಪವನ್ನು ದೂರು ಎಂದೇ ನೋಡುವುದು, ಕೊನೆವರೆಗೆ ವಿಚಾರಿಸುವುದು ಎಂದು ನಿರ್ಧರಿಸಿದೆವು. ವೋಚರ್ ಇಲ್ಲದ್ದಕ್ಕೆ ಸದ್ಯ ಕೈ ಹಾಕುವುದು ಬೇಡ.

ಕ್ಲಿನಿಕ್‌ನ ಚೀಟಿಗಳನ್ನು ನನ್ನ ಜೊತೆ ಕೆಲಸ ಮಾಡುವ ಪ್ಯಾಲಿಯೇಟಿವ್ (ನೋವು ಕಡಿಮೆ ಮಾಡುವ ಆರೈಕೆಯ) ಡಾಕ್ಟರಿಗೆ ತೋರಿಸಿದೆವು. ಅವರು ಮೊದಲು ದಾರಿಗಳನ್ನು ಹೇಳಿದರು. ಕೇಳಿದ 72 ಗಂಟೆಯೊಳಗೆ ರೋಗಿಯ ದಾಖಲೆ ಕೊಡಬೇಕು ಎಂದು ವೈದ್ಯರ ನಡತೆಯ 2002ರ ನಿಯಮದಲ್ಲಿ ಇದೆ. ಕರ್ನಾಟಕ ಮೆಡಿಕಲ್ ಕೌನ್ಸಿಲ್‌ಗೆ ದೂರು ಕೊಡಬಹುದು. ಗ್ರಾಹಕರ ಆಯೋಗಕ್ಕೆ ಹೋಗುವುದಾದರೆ ಎರಡು ವರ್ಷದೊಳಗೆ. ವಸಂತಿ ಎಲ್ಲ ಬರೆದುಕೊಂಡರು. ಅಷ್ಟು ದಿನಗಳಲ್ಲಿ ಮೊದಲ ಸಲ ಅವರ ಬೆನ್ನು ಕುರ್ಚಿಗೆ ಒರಗಿತ್ತು.

ಆಮೇಲೆ ಡಾಕ್ಟರು ಚೀಟಿಗಳನ್ನು ಬೆಳಕಿಗೆ ಹಿಡಿದರು. ಮೊದಲನೆಯದು ಜೂನ್ ಎರಡನೇ ವಾರದ್ದು. ಮಾತ್ರೆ, ಜೆಲ್, ಮತ್ತೇನೂ ಇಲ್ಲ. ಎರಡು ಮೂರು ವಾರದಲ್ಲಿ ಒಣಗದ ಹುಣ್ಣನ್ನು ಮುಂದೆ ಕಳಿಸಬೇಕು, ಬಾಯಿ ಎಷ್ಟು ತೆರೆಯುತ್ತದೆ ಎಂದು ನೋಡಬೇಕು, ನೋಡಿದ ಗುರುತು ಇಲ್ಲ ಎಂದರು. ಎರಡನೆಯದು ಜುಲೈ ಮೂರನೇ ವಾರದ್ದು. ಅದರ ಕೆಳಗೆ, ಇರುವೆ ಹರಿದ ಹಾಗೆ, ಒಂದು ಸಾಲು. ವಸಂತಿ ಅದನ್ನು ಮಾತ್ರೆಯ ಹೆಸರು ಎಂದುಕೊಂಡಿದ್ದರು. ಡಾಕ್ಟರು ಎರಡು ಸಲ ಓದಿ, ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಸರ್ಜನ್‌ಗೆ ತೋರಿಸಿ, ಬಯಾಪ್ಸಿ ಮಾಡಿಸಿ ಅಂತ ಬರೆದಿದ್ದಾರೆ."

ಆಗಸ್ಟ್ ಒಂದಕ್ಕೆ ಮೀನುಗಾರಿಕೆ ರಜೆ ಮುಗಿಯುತ್ತದೆ. ಜೂನ್, ಜುಲೈ ಎರಡು ತಿಂಗಳು ಸಂಪಾದನೆ ಇಲ್ಲದೆ ಕೂತವರು ಬೋಟು ಹೊರಡುವ ಹೊತ್ತಿಗೆ ಬಯಾಪ್ಸಿಗೆ ಹೋಗುತ್ತಾರಾ? ಚೀಟಿಯನ್ನು ಮಡಚಿ ಪರ್ಸಿನಲ್ಲಿಟ್ಟುಕೊಂಡು ಅಣ್ಣ ಸಮುದ್ರಕ್ಕೆ ಹೋಗಿದ್ದರು. ದೀಪಾವಳಿವರೆಗೆ. ಮನೆಯಲ್ಲಿ ಹೇಳಿದ್ದು, "ಡಾಕ್ಟ್ರು ಮಾತ್ರೆ ಕೊಟ್ಟಿದ್ದಾರೆ, ಗುಣ ಆಗ್ತದೆ."

ಲೆಕ್ಕ ಆಕೆಯೇ ಮಾಡಿದರು. ಡಾಕ್ಟರ ಕಡೆಯಿಂದ ಐದು ವಾರ. ಅಣ್ಣನ ಕಡೆಯಿಂದ ಮೂರೂವರೆ ತಿಂಗಳು.

ಪೊಲೀಸಿಗೆ ಹೋಗುತ್ತೇನೆ ಎನ್ನುತ್ತಿದ್ದವರು ಅದನ್ನು ಬಿಟ್ಟರು. ಹಾಗೆಂದು ದೂರನ್ನು ಬಿಡಲಿಲ್ಲ. ಇದು ನನಗೆ ಮುಖ್ಯ ಎನಿಸುತ್ತದೆ. ಐದು ವಾರ ಐದು ವಾರವೇ. ಕ್ಲಿನಿಕ್‌ಗೆ ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ಪತ್ರ ಹೋಯಿತು, ಈ ಸಲ ಕಳಿಸಲೆಂದೇ ಬರೆದ ಪತ್ರ. ಮೂರು ಮಾತು ಕೇಳಿದ್ದರು. ಮೊದಲ ದಿನ ಬಾಯಿ ಯಾಕೆ ಪೂರ್ತಿ ನೋಡಲಿಲ್ಲ? ಇಷ್ಟು ದೊಡ್ಡ ವಿಷಯವನ್ನು ಓದಲಾಗದ ಅಕ್ಷರದಲ್ಲಿ ಯಾಕೆ ಬರೆದಿರಿ? ಬಾಯಿಹುಣ್ಣಿನ ಬಗ್ಗೆ ಕನ್ನಡದಲ್ಲಿ ಒಂದು ಬೋರ್ಡು ಹಾಕುತ್ತೀರಾ?

ಇಪ್ಪತ್ತು ದಿನ ಉತ್ತರವಿಲ್ಲ. ಆಮೇಲೆ ಫೋನ್ ಬಂತು, ಮಧ್ಯಾಹ್ನ ಕ್ಲಿನಿಕ್ ಮುಚ್ಚಿರುವ ಹೊತ್ತಿಗೆ ಬನ್ನಿ ಎಂದು. ನಾನೂ ಹೋದೆ. ಡಾಕ್ಟರು ಮೊದಲು "ತಂಬಾಕು ಬಿಡಿ ಎಂದು ಹೇಳಿದ್ದೆ" ಎಂದು ಶುರು ಮಾಡಿದರು. ವಸಂತಿ ಮೊದಲ ಚೀಟಿಯನ್ನು ಮೇಜಿನ ಮೇಲಿಟ್ಟು, ಏನೂ ಹೇಳದೆ ಕೂತರು. ತುಂಬ ಹೊತ್ತಾಯಿತು. ಫ್ಯಾನಿನ ಸದ್ದು ಮಾತ್ರ. ಕೊನೆಗೆ ಅವರು, "ಅವತ್ತೇ ಟಾರ್ಚ್ ಹಾಕಿ ನೋಡಬೇಕಿತ್ತು, ನೋಡಲಿಲ್ಲಮ್ಮ" ಎಂದರು. ಅಷ್ಟೇ. ಎಲ್ಲ ಕಡೆ ಹೀಗಾಗುವುದಿಲ್ಲ. ವಕೀಲರ ನೋಟಿಸು ಬರುವುದೇ ಜಾಸ್ತಿ, ಅದಕ್ಕೂ ಆಕೆಯನ್ನು ತಯಾರು ಮಾಡಿ ಕರೆದುಕೊಂಡು ಹೋಗಿದ್ದೆ. ಹೊರಗೆ ಬಂದು ಚಪ್ಪಲಿ ಹಾಕುವಾಗ, "ಒಂದು ಎಂಟ್ರಿ ಟ್ಯಾಲಿ ಆಯ್ತು" ಎಂದರು. ಅಳಲಿಲ್ಲ. ನಾನು ಅಳುತ್ತಾರೆ ಎಂದುಕೊಂಡಿದ್ದೆ.

ಹನ್ನೊಂದು ಮಾತ್ರೆ

ಅತ್ತಿಗೆಯ ಜೊತೆ ಡಿಸೆಂಬರ್‌ನಿಂದ ಮಾತಿಲ್ಲ. ಒಂದೇ ಒಲೆ, ಒಂದೇ ಬಚ್ಚಲು, ಮಾತು ಮಾತ್ರ ಇಲ್ಲ. ಕೊನೆಯ ದಿನಗಳಲ್ಲಿ ಮಾತ್ರೆ ಕೊಡದೆ ಅಣ್ಣನನ್ನು ನರಳಿಸಿದಳು ಎನ್ನುವುದು ವಸಂತಿಯ ಆರೋಪ. ಮಾರ್ಫಿನ್ ಮಾತ್ರೆಯ ಪರಿಣಾಮ ಸುಮಾರು ನಾಲ್ಕು ಗಂಟೆ ಇರುತ್ತದೆ. ಆದ್ದರಿಂದ ನಾಲ್ಕು ಗಂಟೆಗೊಮ್ಮೆ, ನೋವು ಬರುವ ಮೊದಲೇ ಕೊಡಬೇಕು. ಚಟ ಹತ್ತುತ್ತದೆ, ಸಾವು ಬೇಗ ಬರುತ್ತದೆ ಎಂದು ಹೆದರಿ ಮನೆಯವರೇ ತಪ್ಪಿಸುವುದನ್ನು ನಾವು ತುಂಬ ನೋಡಿದ್ದೇವೆ. ಇಲ್ಲೂ ಹಾಗೇ ಇರಬೇಕು ಎಂದು ನಾನೂ ನಂಬಿದ್ದೆ. ಅದೇ ನಂಬಿಕೆಯಲ್ಲಿ ಜೂನ್‌ನಲ್ಲಿ, ಮಳೆ ಹಿಡಿದ ಒಂದು ದಿನ, ಅವರ ಮನೆಗೆ ಹೋದೆ.

ಅತ್ತಿಗೆಯ ಹತ್ತಿರ ಆರೋಪ ಹೇಳಲಿಲ್ಲ. "ಆ ಕೊನೆಯ ವಾರ ಮಾತ್ರೆ ಕೊಡುವುದು ಹೇಗಿತ್ತು?" ಎಂದು ಮಾತ್ರ ಕೇಳಿದೆ. ಅತ್ತಿಗೆ ಒಳಗೆ ಹೋಗಿ ಮಗಳ ಹಳೆಯ ಡಬಲ್ ರೂಲ್ ಪುಸ್ತಕ ತಂದರು. ಆಪರೇಶನ್ ಆದ ಮೇಲೆ ಅಣ್ಣನ ಮಾತು ಯಾರಿಗೂ ತಿಳಿಯುತ್ತಿರಲಿಲ್ಲ. ಬೇಕಾದ್ದನ್ನು ಬರೆದು ತೋರಿಸುತ್ತಿದ್ದರು. ನೀರು. ಫ್ಯಾನ್. ಬೋಟು ಬಂತಾ. ಕಾಲು ಒತ್ತು. ಒಂದು ಪುಟದಲ್ಲಿ, ಅಕ್ಷರ ಎರಡು ಗೆರೆಗಳನ್ನು ದಾಟಿ ಹೋದದ್ದು: "ಸಂಜೆದ್ದು ಬೇಡ. ಮಗಳು ಬರ್ತಾಳೆ. ನಿದ್ದೆ ಬೇಡ." ಕೆಳಗೆ, ಬೇರೆ ದಿನದ್ದು: "ವಸಂತಿಗೆ ಹೇಳ್ಬೇಡ. ಬೈತಾಳೆ."

ಮಗಳು ಟ್ಯೂಷನ್ ಮುಗಿಸಿ ಬರುವುದು ಆರು ಗಂಟೆಗೆ. ಆ ಹೊತ್ತಿಗೆ ಎಚ್ಚರವಾಗಿರಬೇಕೆಂದು ಅವರೇ ಸಂಜೆಯ ಮಾತ್ರೆ ಬಿಟ್ಟಿದ್ದರು. ಹನ್ನೊಂದು ಸಂಜೆ. ಗಂಡ ಬೇಡ ಎಂದ ಮೇಲೆ ಹೇಳುವುದು ಹೇಗೆ ಎಂದು ಅತ್ತಿಗೆ ಆರು ತಿಂಗಳು ಆರೋಪ ಹೊತ್ತುಕೊಂಡು ಸುಮ್ಮನಿದ್ದರು.

ವಸಂತಿ ಆ ಪುಸ್ತಕವನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಓದಿದರು. ಮತ್ತೆ ಓದಿದರು. ಆಮೇಲೆ ಜೋರಾಗಿ, ಅಂಗಳದವರೆಗೆ ಕೇಳುವ ಹಾಗೆ, "ಎಲ್ಲ ಇವನೇ ಮಾಡಿದ್ದು! ಚೀಟಿ ಅಡಗಿಸಿದ್ದೂ ಇವನೇ, ಮಾತ್ರೆ ಬಿಟ್ಟದ್ದೂ ಇವನೇ, ಅಮ್ಮನನ್ನು ನೋಡಿಯೂ ತಿಂದದ್ದು ಇವನೇ!" ಎಂದರು. ಜಗಲಿಯಲ್ಲಿದ್ದ ಅಪ್ಪ, "ಹೋದವರಿಗೆ ಬೈಯಬಾರದು ಮಗಾ" ಎಂದರು.

ನನಗೂ ಬಾಯಿ ತುದಿಗೆ ಬಂದಿತ್ತು: ಅದು ಚಟ, ಚಟ ಕೂಡ ಒಂದು ಕಾಯಿಲೆ, ಅಣ್ಣನದು ತಪ್ಪಲ್ಲ ಎಂದು. ಹೇಳಲಿಲ್ಲ. ಈ ಇಡೀ ಪ್ರಕರಣದಲ್ಲಿ ನಾನು ಮಾಡಿದ ಸರಿಯಾದ ಕೆಲಸ ಅದೊಂದೇ ಇರಬಹುದು. ನಮ್ಮಲ್ಲಿ ಸತ್ತವರಿಗೆ ಬೈಯಲು ಜಾಗವಿಲ್ಲ. ಆ ಕೋಪ ಬದುಕಿರುವವರ ಮನೆಬಾಗಿಲಿಗೆ ಹೋಗಿ ನಿಲ್ಲುತ್ತದೆ: ಡಾಕ್ಟರು, ಅತ್ತಿಗೆ, ಕೌಂಟರಿನ ಮುಂದಿನ ಹುಡುಗ. ಅಣ್ಣನ ಖಾಲಿ ಪುಟದ ಅರ್ಥ ನನಗೆ ಹೊಳೆದದ್ದು ಆವಾಗ. ಅದು ಯಾವ ಎಂಟ್ರಿಯೂ ಇಲ್ಲದ ಖಾತೆಯಾಗಿರಲಿಲ್ಲ. ಎಲ್ಲ ಎಂಟ್ರಿಗಳೂ ಬೇರೆಯವರ ಹೆಸರಿಗೆ ಬಿದ್ದಿದ್ದವು.

ಅದಾದ ಮೇಲಿನ ಐದಾರು ವಾರ ನಾವು ಅಣ್ಣನ ಬಗ್ಗೆ ಮಾತ್ರ ಮಾತಾಡಿದೆವು. ಬೈಗುಳವೇ ಜಾಸ್ತಿ. ಚಟದ ಮಾತನ್ನು ಕೊನೆಗೆ ಆಕೆಯೇ ಎತ್ತಿದರು: "ಬಿಡ್ಲಿಕ್ಕೆ ಅಷ್ಟು ಕಷ್ಟವಾ ಅಕ್ಕ?" ಕೇಳಿದ ಮೇಲೆ ಹೇಳಿದೆ. ಅಮ್ಮನಿಗೆ ಬೀಡಿಯಿಂದಲೇ ಬಂತಾ ಎಂದೂ ಕೇಳಿದರು. ಹಾಗೆ ಹೇಳಲು ಆಗುವುದಿಲ್ಲ ಎಂದು ನಮ್ಮ ಡಾಕ್ಟರು ಹೇಳಿದರು. ಬೀಡಿ ಕಂಪೆನಿಯ ಪುಟಕ್ಕೆ ಆಕೆ ಪೆನ್ಸಿಲ್‌ನಲ್ಲಿ ಅಡ್ಡಗೆರೆ ಎಳೆದರು. ಪೆನ್ನಿನಲ್ಲಲ್ಲ.

ಆಟಿ

ಆಟಿಯಲ್ಲಿ, ಅಂದರೆ ಜುಲೈ ಆಗಸ್ಟ್ ಹೊತ್ತಿಗೆ ಬರುವ ತುಳು ತಿಂಗಳಲ್ಲಿ, ತೀರಿಹೋದವರಿಗೆ ಎಲೆ ಹಾಕಿ ಬಡಿಸುವ ಪದ್ಧತಿ ನಮ್ಮ ಕಡೆ ಇದೆ. ಅಗೆಲು ಎನ್ನುತ್ತಾರೆ. ಅವರಿಗೆ ಇಷ್ಟವಾದದ್ದನ್ನು ಮಾಡಿ, ಬಾಳೆಎಲೆಯಲ್ಲಿ ಬಡಿಸಿ, ಬಂದು ಉಣ್ಣಿ ಎಂದು ಕೇಳಿಕೊಂಡು, ಬಾಗಿಲು ಎಳೆದುಕೊಂಡು ಸ್ವಲ್ಪ ಹೊತ್ತು ಹೊರಗೆ ನಿಲ್ಲುವುದು. ಅಣ್ಣನಿಗೆ ಮೊದಲ ಆಟಿ. ಇದು ನಾನು ಕೊಟ್ಟ ಸಲಹೆ ಎಂದು ಯಾರೂ ತಿಳಿಯಬಾರದು. ನನ್ನ ಡೈರಿಯಲ್ಲಿ ಆ ದಿನ ಬೇರೆಯವರ ಅಪಾಯಿಂಟ್‌ಮೆಂಟ್ ಇತ್ತು. ನಡೆದದ್ದನ್ನು ಮರುದಿನ ವಸಂತಿ, ಅತ್ತಿಗೆ ಇಬ್ಬರೂ ಬೇರೆಬೇರೆಯಾಗಿ ಹೇಳಿದರು.

ನಾಡದೋಣಿಯವರ ಹತ್ತಿರ ಅಪ್ಪ ಬಂಗುಡೆ ತಂದಿದ್ದರು. ಕೋಳಿ ಪದಾರ್ಥ ಆಗಿತ್ತು. ಪುಳಿಮುಂಚಿಗೆ ಅರೆಯುವಾಗ ಅತ್ತಿಗೆ ಮೆಣಸಿನ ಡಬ್ಬ ತೆರೆದು ಕೈ ನಿಲ್ಲಿಸಿದರು. ಎಂಟು ತಿಂಗಳ ಮೇಲೆ ಮೊದಲ ಸಲ ನಾದಿನಿಯ ಕಡೆ ತಿರುಗಿ ಕೇಳಿದರು: "ಖಾರ ಹಾಕುದಾ?"

ವಸಂತಿ ಉತ್ತರ ಕೊಡಲಿಲ್ಲ. ಕೊನೆಯ ಒಂದೂವರೆ ವರ್ಷ ಅಣ್ಣನ ಅಡುಗೆಗೆ ಮೆಣಸು ಬಿದ್ದಿರಲಿಲ್ಲ. ಆ ಬಾಯಿಗೆ ಮಾಡಬೇಕಾ, ಮೊದಲಿನ ಬಾಯಿಗೆ ಮಾಡಬೇಕಾ? ಅಡುಗೆಮನೆಯ ನೆಲದಲ್ಲೇ ಕೂತುಬಿಟ್ಟರು. "ಬಾಯಿ ಉರಿಯುತ್ತದೆ ಅಂತ ಹೇಳಿದ್ದ. ನಾನೇ ಮೊದಲು ನಕ್ಕದ್ದು" ಎಂದರು. ಅತ್ತಿಗೆ ಡಬ್ಬ ಕೆಳಗಿಟ್ಟು ಪಕ್ಕದಲ್ಲಿ ಕೂತರು. "ನಾನೂ ನಕ್ಕಿದ್ದೆ" ಎಂದರು. ಮೆಣಸಿನ ಕೈಯಲ್ಲಿ ಕಣ್ಣೊರೆಸಿಕೊಂಡು ಇಬ್ಬರಿಗೂ ಉರಿ ಹತ್ತಿ, ನೀರು ಹಾಕಿ ತೊಳೆದುಕೊಳ್ಳಬೇಕಾಯಿತಂತೆ.

ಕೊನೆಗೆ ಖಾರ ಹಾಕಿದರು. ಬ್ಯಾಡಗಿ ಬಣ್ಣಕ್ಕೆ, ಗಿಡ್ಡ ಮೆಣಸು ಖಾರಕ್ಕೆ, ಮೊದಲಿನ ಅಳತೆಯಲ್ಲೇ. ಎಲೆ ಬಡಿಸಿ ಅಪ್ಪ ಕೈ ಮುಗಿದು, ತಪ್ಪು ಒಪ್ಪು ಎಂತದಾದರೂ ಇದ್ದರೆ ಮನಸ್ಸಿನಲ್ಲಿಡಬೇಡ ಎಂದು ಹೇಳಿದ ಮೇಲೆ, ವಸಂತಿ ಎಲೆಯ ಮುಂದೆ ಹೋಗಿ ನಿಂತು ಅಣ್ಣನಿಗೆ ಬೈದರು. ಚೀಟಿಯ ವಿಷಯ, ಮಾತ್ರೆಯ ವಿಷಯ, ಅಮ್ಮನ ವಿಷಯ, ಒಂದೂ ಬಿಡಲಿಲ್ಲ. ಈ ಸಲ ಅಪ್ಪ ತಡೆಯಲಿಲ್ಲ. ಬಾಗಿಲು ಎಳೆದುಕೊಂಡು ಮೂವರೂ ಜಗಲಿಯಲ್ಲಿ ಮಳೆ ನೋಡುತ್ತ ನಿಂತರು.

ಮುಂದಿನ ವಾರ ಲೆಡ್ಜರ್ ತಂದಾಗ "ಸ್ವಂತ" ಪುಟದಲ್ಲಿ ಎರಡು ಎಂಟ್ರಿ ಇತ್ತು. ಒಂದು, ನಕ್ಕದ್ದು. ಇನ್ನೊಂದು, ಅಮ್ಮನಿಗೆ ಹೇಳಬೇಡಿ ಎಂದದ್ದು. ವೋಚರ್ ಕಾಲಮ್ ಖಾಲಿ. ಅಮ್ಮನ ಬಗ್ಗೆ ಆಕೆ ನನ್ನ ಮುಂದೆ ಅತ್ತದ್ದು ಆ ದಿನ, ಏಳು ವರ್ಷ ದಾಟಿದ ಮೇಲೆ.

ಈಗ

ಸಹೋದ್ಯೋಗಿಗಳ ಹತ್ತಿರ ಈ ಪ್ರಕರಣ ಹೇಳಿದಾಗ, ಹಾಗಾದರೆ ಎಲ್ಲರಿಗೂ ಲೆಡ್ಜರ್ ಬರೆಸಬೇಕಾ ಎಂದು ಒಬ್ಬರು ಕೇಳಿದರು. ಬೇಡ. ಅದು ಆಕೆಯ ಕಸುಬು, ಅದಕ್ಕೇ ನಡೆಯಿತು. ನಾನೀಗ ಬದಲಿಸಿಕೊಂಡದ್ದು ಬೇರೆ. ಕೋಪದಲ್ಲಿ ಬಂದವರಿಗೆ ಮೊದಲ ದಿನವೇ ಕೇಳುತ್ತೇನೆ: ಇದರಲ್ಲಿ ವಿಚಾರಿಸಬೇಕಾದ್ದು ಏನಾದರೂ ಉಂಟಾ, ಕಾಗದ ಉಂಟಾ? ಇದ್ದರೆ ಅದು ಮೊದಲು. ಓದಲು ಬರುವ ಡಾಕ್ಟರನ್ನು ಜೊತೆಗೆ ಕೂರಿಸಿಕೊಳ್ಳುತ್ತೇನೆ. ಕಾಗದದಲ್ಲಿ ಡಾಕ್ಟರದೇ ತಪ್ಪು ಎಂದು ಬಂದರೆ ಅದನ್ನು ಮೆತ್ತಗೆ ಮಾಡಲು ಹೋಗುವುದಿಲ್ಲ. ಕಾಗದ ಬೇರೇನೋ ಹೇಳಿದರೆ ಅದನ್ನೂ ಮುಚ್ಚುವುದಿಲ್ಲ. ಯಾರ ಮೇಲೆ ಕೋಪ ಎಂದು ಕೇಳುವಾಗ, ಯಾರ ಹೆಸರು ಬರಲೇ ಇಲ್ಲ ಎಂದೂ ನೋಡುತ್ತೇನೆ. ಗುಂಪಿಗೆ ಕಳಿಸುವುದನ್ನು ಅವರೇ ಕೇಳುವವರೆಗೆ ತಡೆಯುತ್ತೇನೆ. ಗೋಡೆಯ ಚಾರ್ಟ್ ತೆಗೆದಾಯಿತು. ಅಲ್ಲಿ ಈಗ ಕ್ಯಾಲೆಂಡರ್ ಇದೆ.

ವಸಂತಿಗೆ ಪೂರ್ತಿ ಗುಣ ಆಗಿದೆ ಎಂದು ಹೇಳುವ ಹಾಗಿಲ್ಲ. ವರ್ಷಾಂತಿಕದ ಹತ್ತಿರ ನಿದ್ದೆ ಮತ್ತೆ ಕೆಟ್ಟಿತು, ಎರಡು ವಾರ ಬಂದು ಹೋದರು. ಅತ್ತಿಗೆಯ ಜೊತೆ ಮಾತಿದೆ, ಜಗಳವೂ ಇದೆ, ಈಗಿನ ಜಗಳ ಹಾಲಿನ ಲೆಕ್ಕದ್ದು. ಕೌಂಟರಿನಲ್ಲಿ ಗುಟ್ಕಾ ಬಾಯಿಯವರು ಬಂದರೆ ಪಕ್ಕದ ಸೀಟಿಗೆ ಕಳಿಸುತ್ತಾರೆ. ಆ ಹುಡುಗನ ಹತ್ತಿರ ಹೋಗಿ ತಪ್ಪಾಯಿತು ಎಂದು ಹೇಳಿ, ಮೂರು ಬೆರಳು ಬಾಯಲ್ಲಿ ಹಿಡಿಸಿ ನೋಡು ಎಂದು ಅಲ್ಲೇ ಪರೀಕ್ಷೆ ಮಾಡಿಸಿದರಂತೆ.

ಕಳೆದ ತಿಂಗಳು ಫೋನ್ ಮಾಡಿದ್ದರು. ಆ ಕ್ಲಿನಿಕ್ ಇರುವ ರಸ್ತೆಯಲ್ಲಿ ಅವರು ಈಗಲೂ ನಡೆಯುವುದಿಲ್ಲ, ಆಚೆ ರಸ್ತೆಯಿಂದ ಸುತ್ತಿ ಬಸ್‌ಸ್ಟಾಂಡಿಗೆ ಹೋಗುತ್ತಾರೆ. ಅವತ್ತು ಮಳೆ ಜೋರಿತ್ತು, ಸುತ್ತಲು ಆಗಲಿಲ್ಲ. ಕ್ಲಿನಿಕ್‌ನ ಬಾಗಿಲಲ್ಲಿ ಬೋರ್ಡು ಬಂದಿದೆ ಎಂದರು. ಎರಡು ವಾರದಲ್ಲಿ ಒಣಗದ ಬಾಯಿಹುಣ್ಣು ಇದ್ದರೆ ಕೂಡಲೇ ತಿಳಿಸಿ, ಅಂತ.

"ಆದರೆ 'ಹುಣ್ಣು' ಅಂತ ಬರೀಲಿಕ್ಕೆ ಒತ್ತೇ ಹಾಕಿಲ್ಲ ಅಕ್ಕ. 'ಹುಣು' ಅಂತ ಆಗಿದೆ" ಎಂದರು. "ಹೋಗಿ ಹೇಳ್ಲಾ?"